ಮ್ಯಾಚಿಗೆ ಹೊರಟ ಮೂವರಿಗೆ ಒಂದು ರೂಮು

ನಾವು ಮೂವರು ಗೆಳೆಯರು ಎಲ್ಲಿಗೇ ಹೊರಡಲಿ, ನಗೆಪಾಟಲಾಗದೆ ಊರಿಗೆ ಮರಳಿದ ದಾಖಲೆ ಇಲ್ಲ. ನಾನು ಚಳ್ಳಕೆರೆಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರು. ಇನ್ನೊಬ್ಬ ಕುರಿ ದಲ್ಲಾಳಿ. ಮತ್ತೊಬ್ಬನದು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಅಂಗಡಿ. ಬೆಂಗಳೂರಿನಲ್ಲಿ ವಿಶ್ವಕಪ್ಪಿನ ಪಂದ್ಯ ಇದೆ ಎಂದಾಗ ಸೀರೆ ಅಂಗಡಿಯವನ ಅಳಿಯ ಮೊಬೈಲಿನಲ್ಲೇ ಹೇಗೋ ಮೂರು ಟಿಕೆಟ್ ಹಿಡಿದುಕೊಟ್ಟ. ಹಿಡಿಯಲು ಆಗದೆ ಉಳಿದದ್ದು ರೂಮು ಒಂದೇ.

ಬಜೆಟ್

ಬಜೆಟ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಲೆಕ್ಕ ಚೆನ್ನಾಗಿ ಬರುತ್ತದೆಂದಲ್ಲ, ಜೇಬಿನಲ್ಲಿ ಪೆನ್ನು ಇದ್ದವನು ನಾನೊಬ್ಬನೇ. ಬಸ್ಸು, ಊಟ ಎಲ್ಲ ಕಳೆದು ರೂಮಿಗೆ ನಾಲ್ಕು ಸಾವಿರ ಉಳಿಯಿತು. ಅದು ಮೀರಿದರೆ ಏನು ಮಾಡುವುದು? ಒಂದು ಟಿಕೆಟ್ ಮಾರುವುದು. ಯಾರದ್ದು? ಬಜೆಟ್ ಬರೆದವನದ್ದು. ಮಿಕ್ಕ ಇಬ್ಬರೂ ಒಂದೇ ಉಸಿರಿನಲ್ಲಿ ಒಪ್ಪಿಬಿಟ್ಟರು.

ಇಪ್ಪತ್ತೆಂಟು ವರ್ಷದಿಂದ ಮಕ್ಕಳಿಗೆ ಬ್ಯಾಟು ಹಿಡಿಯುವುದು ಕಲಿಸುತ್ತಿದ್ದೇನೆ, ಒಮ್ಮೆಯೂ ಸ್ಟೇಡಿಯಂ ಒಳಗೆ ಕಾಲಿಟ್ಟವನಲ್ಲ.

ಮನೆಗೆ ಬಂದು ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಬೇಕು ಎಂದೆ.

"ಯಾರ ಮದ್ವೆಗೋ?" ಎಂದಳು ಅವ್ವ.

"ಮದ್ವೆ ಅಲ್ಲವ್ವ, ಮ್ಯಾಚು. ನಾಲ್ಕು ಸಾವಿರ ಬರೀ ರೂಮಿಗೆ."

"ಟೀವಿಯಾಗೆ ಬಿಟ್ಟಿ ತೋರಿಸ್ತಾರಲ್ಲೋ," ಎಂದಳು ಅವ್ವ. "ಅದೂ ಔಟಾದ್ರೆ ಎರಡೆರಡು ಸಲ ತೋರಿಸ್ತಾರೆ."

ಮೆಟ್ಟಿಲಿಳಿದ ಗಿರಾಕಿ

ಫೋನ್ ಮಾಡಿ ರೂಮು ಹಿಡಿಯುವ ಜವಾಬ್ದಾರಿ ಸೀರೆ ಅಂಗಡಿಯವನದ್ದು. ಚೌಕಾಸಿಯಲ್ಲಿ ಪಳಗಿದ ನಾಲಿಗೆ ಅವನದು. ಲಾಡ್ಜಿನವರು ಐದು ಸಾವಿರ ಎಂದರು. ಇವನು ಮೂರು ಎಂದ. ಆಗಲ್ಲ ಎಂದರು. ಇವನು ಪಟ್ಟನೆ ಫೋನ್ ಇಟ್ಟ.

"ಯಾಕೋ ಇಟ್ಟೆ?" ಎಂದೆ ನಾನು.

"ಸುಮ್ನಿರ್ರಿ ಮೇಷ್ಟ್ರೇ. ನಮ್ಮ ಅಂಗಡಿಯಾಗೆ ಗಿರಾಕಿ ಮುನಿಸ್ಕೊಂಡು ಮೆಟ್ಲು ಇಳಿದ್ರೆ ನಾನು ಕರೀದೆ ಬಿಡ್ತೀನಾ? ಈಗ ನೋಡ್ರಿ, ಅವ್ರೇ ಕರೀತಾರೆ."

ಫೋನನ್ನು ಮುಂದಿಟ್ಟುಕೊಂಡು ಕೂತೆವು. ಎರಡು ಗಂಟೆ ಕಳೆದರೂ ಯಾರೂ ಕರೆಯಲಿಲ್ಲ. ಮೂರನೇ ಗಂಟೆಗೆ ಫೋನ್ ಬಡಿದುಕೊಂಡಿತು. ಅವನು ನನ್ನ ಕಡೆ ಮೀಸೆ ತಿರುವಿ, ಬೇಕೆಂದೇ ನಾಲ್ಕು ರಿಂಗು ಆಗಲು ಬಿಟ್ಟು ಎತ್ತಿಕೊಂಡ. ಆ ಕಡೆಯಿಂದ ಅವನ ಹೆಂಡತಿ, "ಉಣ್ಣಾಕೆ ಬರ್ತೀರೋ, ನಾಯಿಗೆ ಹಾಕ್ಲೋ?" ಎಂದಳು.

ಬೀಗರ ಮನೆ

"ರೂಮು ಯಾಕೆ? ನಮ್ಮ ಬೀಗರು ಅಲ್ಲೇ ಅವ್ರೆ," ಎಂದ ಕುರಿ ದಲ್ಲಾಳಿ. ನನಗಂತೂ ಹೋದ ಜೀವ ಬಂದಂತಾಯಿತು. ಬರಿಗೈಲಿ ಹೋಗಬಾರದೆಂದು ಒಂದು ಒಳ್ಳೆ ಕಂಬಳಿ ಕೊಂಡು, ಪಂದ್ಯದ ಹಿಂದಿನ ದಿನ ಬಸ್ಸು ಹತ್ತಿ ಅವರ ಮನೆ ತಲುಪಿದೆವು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ನಡುಮನೆಯ ತುಂಬ ನಮ್ಮ ಕಡೆಯವರೇ ಕಾಲು ಚಾಚಿಕೊಂಡಿದ್ದರು. ಎಲ್ಲರೂ ಮ್ಯಾಚಿಗೆ ಬಂದವರು. ಅವರೂ ಬರಿಗೈಲಿ ಬಂದಿರಲಿಲ್ಲ.

ಬೀಗರು ಟೀ ಕೊಟ್ಟು, ನಮ್ಮ ಕಂಬಳಿಯನ್ನು ಮೂಲೆಯಲ್ಲಿದ್ದ ಎಂಟು ಕಂಬಳಿಗಳ ಮೇಲಿಟ್ಟು ಕೈಮುಗಿದರು. "ತಪ್ಪು ತಿಳೀಬೇಡ್ರಪ್ಪ. ಹೊದೆಯಾಕೆ ಬೇಕಾದಷ್ಟು ಐತೆ, ಹಾಸಾಕೆ ನೆಲ ಇಲ್ಲ."

ಟವೆಲ್ ಕೆಳಗಿನ ಮಾತು

ಅಲ್ಲಿಂದ ಹೊರಟು ಐದು ಲಾಡ್ಜು ಸುತ್ತಿದೆವು. ಆರನೆಯದರಲ್ಲಿ ಒಂದೇ ಒಂದು ರೂಮಿತ್ತು. ಮ್ಯಾನೇಜರು ಎಂಟು ಸಾವಿರ ಎಂದ. ನಾನು ಜೇಬಿನಲ್ಲಿದ್ದ ಟಿಕೆಟ್ ಮುಟ್ಟಿ ನೋಡಿಕೊಂಡೆ, ಬಹುಶಃ ಕೊನೆಯ ಸಲ.

ದಲ್ಲಾಳಿ ಮುಂದೆ ಬಂದ. ಹೆಗಲ ಮೇಲಿನ ಟವೆಲ್ ತೆಗೆದು ಮ್ಯಾನೇಜರ ಕೈಮೇಲೆ ಹಾಕಿ, ಅದರಡಿಯಲ್ಲಿ ಅವನ ಬೆರಳು ಹಿಡಿದುಕೊಂಡ. ಕುರಿ ಸಂತೆಯಲ್ಲಿ ವ್ಯಾಪಾರ ನಡೆಯುವುದೇ ಹಾಗೆ. ಒಂದೊಂದು ಬೆರಳಿಗೆ ಒಂದೊಂದು ಸಾವಿರ, ನೋಡುವವರಿಗೆ ಏನೂ ತಿಳಿಯಬಾರದು. ಮ್ಯಾನೇಜರು ಪೊಲೀಸರನ್ನು ಕರೆಯುತ್ತಾನೆಂದು ನಾನು ಹೆದರಿದೆ. ಅವನು ಕೈ ಎಳೆದುಕೊಳ್ಳಲಿಲ್ಲ. ಟವೆಲ್ ಸ್ವಲ್ಪ ಹೊತ್ತು ಅಲ್ಲಾಡಿತು. ಆಮೇಲೆ ಇಬ್ಬರೂ ನಕ್ಕು ಕೈ ಬಿಟ್ಟರು.

"ಎಷ್ಟಕ್ಕೆ ಆಯ್ತೋ?" ಎಂದೆ.

"ಟವೆಲ್ ಕೆಳಗಿನ ಮಾತು ಬಾಯಾಗೆ ಆಡಬಾರ್ದು. ನಿಮ್ಮ ಟಿಕೆಟ್ ಎಲ್ಲೂ ಹೋಗಲ್ಲ, ಆರಾಮಾಗಿ ಮಲಗ್ರಿ."

ಬೆಳಿಗ್ಗೆ ಮ್ಯಾನೇಜರು ಆರು ಸಾವಿರದ ಬಿಲ್ಲು ಮುಂದಿಟ್ಟ.

"ಏನಪ್ಪ ಇದು? ನಾನು ಹಿಡಿದಿದ್ದು ಎರಡೇ ಬೆರಳು," ಎಂದ ದಲ್ಲಾಳಿ.

"ಹೌದಣ್ಣ, ಎರಡೇ. ಸಂತೆಯಾಗೆ ರೇಟು ಯಾವತ್ತೂ ಒಂದು ತಲೆಗೆ ಅಲ್ವಾ? ನೀವು ಮೂರು ತಲೆ. ನಂದೂ ಪರಶುರಾಂಪುರದ ಕಡೆ, ನಮ್ಮಪ್ಪಂದೂ ಇದೇ ವ್ಯಾಪಾರ."

ದಲ್ಲಾಳಿ ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದ. ಹುಟ್ಟಿದಾಗಿನಿಂದ ಕುರಿಗೆ ತಲೆ ಲೆಕ್ಕದಲ್ಲೇ ರೇಟು ಕಟ್ಟಿದವನು ಅದನ್ನು ಹೇಗೆ ಅಲ್ಲಗಳೆದಾನು? ಸೀರೆ ಅಂಗಡಿಯವನು ಮೆಲ್ಲಗೆ ನನ್ನ ಜೇಬಿನ ಕಡೆ ನೋಡಿದ. ನನಗೆ ನಿಜಕ್ಕೂ ಅಳು ಬಂತು.

ಆಗ ದಲ್ಲಾಳಿ ಗಂಟಲು ಸರಿಮಾಡಿಕೊಂಡ. "ಆಯ್ತಪ್ಪ, ಸಂತೆ ಪ್ರಕಾರನೇ ಮಾತಾಡಾಣ. ಹಾಲು ಕುಡಿಯೋ ಮರಿ ತಾಯಿ ಜೊತೆಗೇ ಹೋಗ್ತೈತೆ. ಅದಕ್ಕೆ ಬೇರೆ ರೇಟು ಐತೇನು?"

"ಇಲ್ಲ."

ದಲ್ಲಾಳಿ ನನ್ನ ತೋಳು ಹಿಡಿದು ಮುಂದಕ್ಕೆಳೆದ. "ನಮ್ಮ ಮೇಷ್ಟ್ರು ನಿನ್ನೆ ಹೊಟ್ಟೆ ಸರಿ ಇಲ್ಲ ಅಂತ ಬರೀ ಹಾಲು ಕುಡಿದು ಮಲಗವ್ರೆ. ತಂದುಕೊಟ್ಟಿದ್ದು ನಿಮ್ಮ ಲಾಡ್ಜಿನ ಹುಡುಗನೇ, ಕೇಳಿ ನೋಡು."

ಮ್ಯಾನೇಜರು ನನ್ನ ನರೆತ ಮೀಸೆಯಿಂದ ಹೊಟ್ಟೆಯವರೆಗೆ ಒಮ್ಮೆ ಕಣ್ಣಾಡಿಸಿದ. "ಇದು ಮರಿ ಅಂತ ನಂಬಾದು ಕಷ್ಟ ಐತಣ್ಣ," ಎಂದ.

ಪಂದ್ಯ ಶುರುವಾಗಲು ನಾಲ್ಕೇ ಗಂಟೆ ಉಳಿದಿತ್ತು. ನಾನು ಆಚೀಚೆ ನೋಡಿ, ಕೌಂಟರಿನ ಮೇಲೆ ಒಂದಿಷ್ಟು ಬಾಗಿ, ಇಪ್ಪತ್ತೆಂಟು ವರ್ಷ ಮಕ್ಕಳನ್ನು ನಡುಗಿಸಿದ ಅದೇ ಗಂಟಲಿನಲ್ಲಿ "ಬ್ಯಾ" ಎಂದೆ.