ಅತ್ತೆಯ ಜೋಗುಳಕ್ಕೆ ಬ್ಲೇಡು

ಕಾನ್ವೆಂಟಿನಲ್ಲಿ ಓದಿದ್ದರಿಂದ ನನಗಾದ ಒಂದೇ ನಷ್ಟವೆಂದರೆ, ಏನು ಕಂಡರೂ ಅಚ್ಚುಕಟ್ಟು ಮಾಡಬೇಕೆನ್ನಿಸುವ ಚಟ. ಸಿಸ್ಟರುಗಳು ನಮ್ಮ ಉಗುರು, ಜಡೆ, ದನಿ ಮೂರನ್ನೂ ಒಂದೇ ಅಳತೆಗೆ ತಂದಿದ್ದರು. ಜೇವರ್ಗಿಗೆ ಸೊಸೆಯಾಗಿ ಬಂದ ಮೇಲೆ ಈ ಚಟಕ್ಕೆ ಸಿಕ್ಕಿದ್ದು ಅತ್ತೆಯ ಜೋಗುಳ.

ಎಲ್ಲರ ಮನೆಗೂ ಕ್ಯಾಸೆಟ್ ಬಂದಿದ್ದರೂ ನಮ್ಮಲ್ಲಿನ್ನೂ ಎರಡು ದೊಡ್ಡ ಚಕ್ರಗಳ ಹಳೆಯ ಸ್ಪೂಲ್ ಟೇಪ್ ರೆಕಾರ್ಡರೇ ಇತ್ತು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಯಜಮಾನರು ಅಡುಗೆಮನೆಯಲ್ಲೇ ತುಂಬಿಕೊಂಡಿದ್ದ ಅತ್ತೆಯ ಹಾಡು ಉಳಿದದ್ದು ಅದರ ಒಂದೇ ಸುರುಳಿಯಲ್ಲಿ. ಹಲ್ಲು ಕೀಳಿಸಿಕೊಂಡ ಮೇಲೆ ಅವರು ಹಾಡುವುದನ್ನು ಬಿಟ್ಟಿದ್ದರು, ಬೈಯುವುದನ್ನಲ್ಲ. ಅಫಜಲಪುರದ ನಾದಿನಿ ತನ್ನ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಅವ್ವನ ದನಿಯೇ ಬೇಕೆಂದು ಹಟ ಹಿಡಿದಳು. ಸುರುಳಿ ಹಾಕಿ ಕೇಳಿದರೆ, ಎರಡು ನುಡಿಗೊಮ್ಮೆ ಹಾಡು ನಿಂತು, "ಹಾಲು ಉಕ್ಕಾಕತ್ತಾವ, ಎಲ್ಲಿ ಹೋಗಿ ಕುಂತಿ ಬೇ?", "ಆಡು ಜ್ವಾಳಕ್ಕ ಬಾಯಿ ಹಾಕ್ಯಾದ, ಕಣ್ಣಿಲ್ಲೇನು?" ಎಂದು ನನಗೆ ಬೈಗುಳ. ಬೀಗರ ಮುಂದೆ ಇದನ್ನು ಹಾಕಿದರೆ ನನ್ನ ಮರ್ಯಾದೆಯ ಗತಿಯೇನು? ಯಜಮಾನರ ಗಡ್ಡದ ಬ್ಲೇಡಿನಿಂದ ಬೈಗುಳಗಳನ್ನೆಲ್ಲ ಕತ್ತರಿಸಿ, ಹಾಡಿನ ತುದಿಗೆ ತುದಿ ಹಚ್ಚಿ ಅಂಟಿಸಿದೆ. ಕತ್ತರಿಸಿದ ಎಳೆಗಳನ್ನು ಎಸೆಯಲು ಧೈರ್ಯವಾಗದೆ ಚೀಟಿ ಹಚ್ಚಿ, ಸಾಲಾಗಿ ಬಟ್ಟೆಯ ಹಗ್ಗಕ್ಕೆ ತೂಗಿಬಿಟ್ಟೆ.

"ಇದೇನಬೇ, ಕರಿ ಶಾವಿಗಿ?" ಎಂದರು ಅತ್ತೆ.

"ನಿಮ್ಮ ಕೆಮ್ಮು ರೀ ಅತ್ತಿ. ತಗದೀನಿ."

"ಇಷ್ಟ ಕೆಮ್ಮೀನೇನು ನಾ?"

ಬಸ್ಸಿನಲ್ಲಿ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಅಫಜಲಪುರ ಮುಟ್ಟಿದೆವು. ತೊಟ್ಟಿಲು ತೂಗಿತು, ಹಾಡು ಎಲ್ಲಿಯೂ ನಿಲ್ಲದೆ ಹರಿಯಿತು. ನಾದಿನಿಯ ಮುಖ ಮಾತ್ರ ಸಣ್ಣದಾಯಿತು. "ವೈನಿ, ಇದು ಅವ್ವ ಅಲ್ರಿ. ಯಾರ ಕಡಿಂದ ಹಾಡಿಸೀರಿ?"

ಅಡಿಕೆ ಕುಟ್ಟುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ನನಗೂ ಅದೇ ಸಂಶೇ ಅದ. ಬೈಯದ ಇಷ್ಟೊತ್ತು ನಾ ಯಾವಾಗ ಹಾಡೀನಿ?"

ನಾನು ಮಾಡಿದ್ದನ್ನು ಒಪ್ಪಿಕೊಂಡಾಗ ನಾದಿನಿ ಅತ್ತೇಬಿಟ್ಟಳು. ಅವ್ವ ಇದ್ದದ್ದು ಆ ಬೈಗುಳದಲ್ಲೇ ಅಂತೆ. ಊರಿಗೆ ಮರಳಿ ಎಲ್ಲವನ್ನೂ ಚೀಟಿ ನೋಡಿ ನೋಡಿ ಮತ್ತೆ ಅವುಗಳ ಜಾಗಕ್ಕೆ ಅಂಟಿಸಿದೆ. ಗೇಣುದ್ದದ ಒಂದು ತುಂಡನ್ನು ಬಿಟ್ಟು. ಅದರಲ್ಲಿ ಅತ್ತೆಯ ದನಿ ಇಲ್ಲ. "ಈ ಮುದುಕಿಗಿ ಬೆನ್ನಾಗೂ ಕಣ್ಣ ಅದಾವ" ಎನ್ನುವ ನನ್ನ ದನಿ ಇದೆ. ನಿಜ ಹೇಳಬೇಕೆಂದರೆ, ನಾನು ಮೊದಲು ಬ್ಲೇಡು ಕೈಗೆತ್ತಿಕೊಂಡದ್ದೇ ಅದಕ್ಕಾಗಿ. ಈಗ ಅದು ನನ್ನ ಸೂಜಿ ಡಬ್ಬಿಯ ತಳದಲ್ಲಿತ್ತು.

ನಾದಿನಿಗೆ ಕಳಿಸುವ ಮೊದಲು ಅತ್ತೆ ಯಂತ್ರದ ಮುಂದೆ ಕೂತು ಪೂರ್ತಿ ಕೇಳಿದರು. "ಹಾಲು ಬಂದ್ವು. ಆಡೂ ಬಂತು," ಎಂದು ಬೆರಳು ಮಡಚಿ, ನನ್ನತ್ತ ತಿರುಗಿದರು. "ಹಾಲು ಉಕ್ಕಿದಾಗ ಒಲಿ ಮುಂದ ನೀ ಏನೋ ಒಂದು ಮಾತು ಅಂದಿದ್ದಿ. ಅದೆಲ್ಲಿ ಹೋತು?"

ಸಿಸ್ಟರುಗಳು ಕಲಿಸಿದ ಮೆತ್ತನೆಯ ದನಿಯಲ್ಲಿ ಹೇಳಿದೆ, "ಅದು ನನ್ನ ಕೆಮ್ಮು ಇರಬೇಕ್ರಿ ಅತ್ತಿ."