ನೆಲ್ಲಿಗುದ್ದಿಯ ಸಾರ್ವಜನಿಕ ಅಭಿಪ್ರಾಯ

ಬರ್ರಿ, ಒಳಗ ಬರ್ರಿ. ಕಟ್ಟಿ ಮ್ಯಾಲ ಬಿಸಲು ಬಂದೈತಿ, ಈ ಕಡೆ ನೆರಳಿಗೆ ಸರದು ಕುಂದರ್ರಿ. ಬುಟ್ಟ್ಯಾಗ ಹುರದ ಶೇಂಗಾ ಅದಾವು, ಸುಲಕೋತ ಕೇಳ್ರಿ. ಆದರ ನಡುವ ಎದ್ದು ಹೋಗಬ್ಯಾಡ್ರಿ. ಈ ಮಾತು ಅರ್ಧಾ ಕೇಳಿದವರಿಗೆ ಸುಳ್ಳು ಅನಸ್ತೈತಿ.

ಎರಡು ಲಕ್ಷ ಹತ್ತು ಸಾವಿರ ಮತದಾರರಿರುವ ಒಂದು ವಿಧಾನಸಭಾ ಕ್ಷೇತ್ರದ ಸಾರ್ವಜನಿಕ ಅಭಿಪ್ರಾಯವು ನೆಲ್ಲಿಗುದ್ದಿ ಗ್ರಾಮದ ಐದನೇ ವಾರ್ಡಿನಲ್ಲಿ, ಮರೆವ್ವ ಅನ್ನಾಕಿ ಮನಿಯಾಗ ವಾಸ ಐತಿ. ಕ್ಷೇತ್ರ ಯಾವುದು ಅಂತ ಕೇಳಬ್ಯಾಡ್ರಿ. ಅದು ನಕಾಶೆಯಾಗ ಸಿಗೂದಿಲ್ಲ. ಸವದತ್ತಿ ಬಸ್ಸಿನಾಗ ಚಚಡಿ ದಾಟಿ ಇಳದು ಯಾರನ್ನ ಕೇಳಿದ್ರೂ ಮನಿ ತೋರಸ್ತಾರ, ಅಷ್ಟ ಸಾಕು.

ಅಭಿಪ್ರಾಯ ಆಕಿ ಮನಿಗೆ ಹೆಂಗ ಬಂತು ಅಂದ್ರ, ರಾಜಧಾನಿಯಾಗಿನ ಪಕ್ಷದ ಹಿರೇರು ಒಂದು ನಿಯಮ ಮಾಡಿದ್ರು. ಯಾವ ಶಾಸಕರ ಜನಪ್ರಿಯತೆ ನೂರಕ್ಕ ಅರವತ್ತು ದಾಟೂದಿಲ್ಲೋ ಅವರಿಗೆ ಮುಂದಿನ ಚುನಾವಣಿಗೆ ಟಿಕೇಟ್ ಇಲ್ಲ. ಜನಪ್ರಿಯತೆ ಅಳಿಯೂ ಗುತ್ತಿಗಿ ಒಂದು ಕಂಪನಿಗೆ ಹೋತು. ಕಂಪನಿಯವರು ಇಡೀ ಕ್ಷೇತ್ರಕ್ಕ ಒಂದು ಊರು ಸಾಕು ಅಂದ್ರು. ಅನ್ನ ಬೆಂದೈತೋ ಇಲ್ಲೋ ಅಂತ ಗಡಗಿ ತುಂಬ ಅಗಳು ಹಿಚಕಿ ನೋಡತಾರೇನು? ಚೀಟಿ ಎತ್ತಿದ್ರು, ನೆಲ್ಲಿಗುದ್ದಿ ಬಂತು. ಬೈಲಹೊಂಗಲದ ಪೂನಮ್ ಅನ್ನೂ ಹುಡುಗಿ, ಬಿ.ಕಾಂ. ಮುಗಿಸಿದಾಕಿ, ಕೊಳ್ಳಾಗ ಗುರುತಿನ ಚೀಟಿ ಹಾಕ್ಕೊಂಡು, ಕೈಯಾಗ ಟ್ಯಾಬ್ ಹಿಡಕೊಂಡು ನಾಕುನೂರು ಮಂದೀನ್ನ ಕೇಳಾಕ ಬಂದಳು.

ಮೊದಲನೇ ಮನಿ ಪಂಚಾಯ್ತಿ ಅಧ್ಯಕ್ಷ ಅಮೋಘಸಿದ್ದಪ್ಪಂದು. ನಲವತ್ತು ದಾಟಿದ ಆಸಾಮಿ, ಮೀಸಿ ಮ್ಯಾಲ ನಿಂಬಿಹಣ್ಣು ನಿಂತೀತು ಅನ್ನೂವಂಗ ಇದ್ದ. ಶಾಸಕರ ಕೆಲಸದ ಬಗ್ಗೆ ನಿಮಗ ಬಹಳ ತೃಪ್ತಿಯೋ, ತೃಪ್ತಿಯೋ, ಅತೃಪ್ತಿಯೋ ಅಂತ ಪೂನಮ್ ಓದಿ ಕೇಳಿದಳು.

ಅಮೋಘಸಿದ್ದಪ್ಪ ಮೀಸಿ ಮ್ಯಾಲಿನ ಕೈ ತಗದ. "ಮರೆವ್ವಾಯಿ ಏನಂದಳು?"

"ಆಯಿ ಮನಿಗೆ ಇನ್ನೂ ಹೋಗಿಲ್ರಿ."

"ಹಂಗಾದ್ರ ನಾ ಹೆಂಗ ಹೇಳ್ಲಿ ತಂಗಿ? ಆಕಿ ಏನಂತಾಳ ಅದ ನಂದು. ಬರಕೋ."

ಇದು ಆ ಊರ ರೂಢಿ. ಮರೆವ್ವ ನಲವತ್ತೈದು ವರ್ಷದಿಂದ ಅಲ್ಲಿ ಸೂಲಗಿತ್ತಿ. ಬ್ಯಾರೆ ದಿನ ಆಕೀನ್ನ ಅಂಗಳದಾಗ ನಿಲ್ಲಿಸಿ ಮಾತಾಡ್ಸೂ ಮನೆತನದವರೂ ಬ್ಯಾನಿ ಎದ್ದ ದಿನ ಕೈ ಹಿಡದು ಒಳಕೋಣಿಗೆ ಕರಕೊಂಡು ಹೋದವರ. ತನ್ನ ಹೊಕ್ಕಳ ಕೊಯ್ದಾಕಿ ಬಾಯಿ ತಗಿಯೂಕಿಂತ ಮೊದಲ ತಾ ಬಾಯಿ ತಗೀಬಾರದು ಅಂತ ಅಲ್ಲಿ ಕೂಸಿಗೂ ಗೊತ್ತೈತಿ. ಎಮ್ಮಿ ಕೊಳ್ಳೂದಿರಲಿ, ಹೆಣ್ಣು ನೋಡೂದಿರಲಿ, ಆಕೀನ್ನ ಕೇಳದ ಯಾರೂ ಹೂಂ ಅನ್ನೂದಿಲ್ಲ.

ಪೂನಮ್ ಟ್ಯಾಬಿನಾಗ 'ಇತರೆ' ಅನ್ನೂದನ್ನ ಒತ್ತಿ 'ಮರೆವ್ವ ಹೇಳಿದಂಗ' ಅಂತ ಬರದಳು. ಎರಡನೇ ಮನ್ಯಾಗೂ ಅದ, ಮೂರನೇದ್ರಾಗೂ ಅದ. ನಾಕುನೂರರಾಗ ಮುನ್ನೂರ ಎಂಬತ್ತೆಂಟು ಮಂದಿ ಹಂಗ ಅಂದ್ರು. ಉಳದ ಹನ್ನೆರಡು ಮಂದಿ ದವಾಖಾನಿಯಾಗ ಹುಟ್ಟಿದವರು, ಅದಕ್ಕ ವಿಚಾರ ಮಾಡಿ ಹೇಳ್ತೀವಿ ಅಂದ್ರು. ವರದಿಯಾಗ ಅವರನ್ನ 'ದೋಷದ ಪ್ರಮಾಣ: ಶೇಕಡಾ ಮೂರು' ಅಂತ ತೋರಿಸ್ಯಾರ.

ಕಡೀಕ ಮರೆವ್ವನ ಮನಿ. ಆಕಿ ಒಣಮೆಣಸಿನಕಾಯಿ ತೊಟ್ಟು ಮುರಕೋತ ಕುಂತಿದ್ದಳು. ಶಾಸಕರನ್ನ ಒಮ್ಮೆ ನೋಡಿದ್ದಳು, ಜೀಪಿನಾಗ ಕೈ ಮುಗಕೊಂಡು ಹೊಂಟಿದ್ದರು, ಆ ಧೂಳು ಎರಡು ದಿನ ಹಪ್ಪಳದ ಮ್ಯಾಲ ಇತ್ತು. ಅದನ್ನ ಹೇಳಬೇಕು ಅಂತಿದ್ದಳು. ಅಷ್ಟರಾಗ ಹುಡುಗಿ ಮಾರಿ ನೋಡಿದಳು. ಬಿಸಲಿಗೆ ಕೆಂಪಾಗಿತ್ತು, ಚಪ್ಪಲಿ ಉಂಗುಟ ಕಿತ್ತಿತ್ತು. ಕೆಟ್ಟ ಅಂದ್ರ ಯಾಕ ಅಂತ ಕೇಳತಾಳ, ಬರೀತಾಳ, ಐದರ ಬಸ್ಸು ಹೋಗ್ತೈತಿ. ಒಂದು ಚೆರಗಿ ಮಜ್ಜಿಗಿ ಕೊಟ್ಟು, "ಬಹಳ ತೃಪ್ತಿ ಅಂತ ಬರಕೊಂಡು ಲಗು ಹೋಗ ಯವ್ವಾ" ಅಂದಳು.

ಹಿಂಗಾಗಿ ಶಾಸಕರ ಜನಪ್ರಿಯತೆ ನೂರಕ್ಕ ತೊಂಬತ್ತೇಳು ಅಂತ ಸಾಬೀತಾತು.

ಕಂಪನಿಯವರು ಶಾಣ್ಯಾರು. ಎಲ್ಲಾರೂ ಒಬ್ಬಾಕಿ ಮಾತ ಹೇಳೂದಾದ್ರ ನಾಕುನೂರು ಬಾಗಿಲಾ ಬಡಿಯೂದು ವ್ಯರ್ಥ ಅಂತ ಕಂಡುಹಿಡದು, ಇನ್ನ ಮ್ಯಾಲ ಪ್ರತಿ ಸೋಮವಾರ ಮರೆವ್ವನ್ನ ಅಷ್ಟ ಕೇಳೂದು ಅಂತ ಠರಾಯಿಸಿದ್ರು. ಮುಂದಿನ ವಾರ ಶಾಸಕರ ಆಪ್ತ ಸಹಾಯಕ ಮಹಾಂತಪ್ಪ, ಇಸ್ತ್ರಿ ಮುರೀದ ಬಿಳೇ ಅಂಗಿಯಾಂವ, ಒಂದು ಫಲಕ ತಂದು ಆಕಿ ಬಾಗಿಲದ ಮ್ಯಾಲ ತೂಗಹಾಕಿದ:

ಸಾರ್ವಜನಿಕ ಅಭಿಪ್ರಾಯ
ಐದನೇ ವಾರ್ಡ್, ನೆಲ್ಲಿಗುದ್ದಿ
ವಿಚಾರಣೆಯ ವೇಳೆ: ಪ್ರತಿ ಸೋಮವಾರ ಬೆಳಿಗ್ಗೆ 11ರಿಂದ 11.05ರ ವರೆಗೆ
ಅಭಿಪ್ರಾಯವನ್ನು ಹಸಿವಿನಲ್ಲಿ ಇಡತಕ್ಕದ್ದಲ್ಲ. ಅಭಿಪ್ರಾಯದೊಡನೆ ಪೂರ್ವಾನುಮತಿಯಿಲ್ಲದೆ ಜಗಳವಾಡತಕ್ಕದ್ದಲ್ಲ. ಅಭಿಪ್ರಾಯವು ಕ್ಷೇತ್ರದ ಗಡಿಯನ್ನು ದಾಟತಕ್ಕದ್ದಲ್ಲ.

ಆಮ್ಯಾಲ ಕ್ಷೇತ್ರದ ಅಭಿವೃದ್ಧಿ ಸುರು ಆತು. ದೊಡ್ಡ ರಸ್ತೆಯಿಂದ ಮರೆವ್ವನ ಹೊಸ್ತಿಲ ತನಕ ಡಾಂಬರು ಬಿತ್ತು, ಹೊಸ್ತಿಲಿಗೆ ಮುಗೀತು. ಬಾಜೂ ಮನಿ ಮುಂದ ಕಲ್ಲು ಹಂಗ ಇದ್ದವು. ಆಕಿ ನಳಕ್ಕ ಹಗಲೂ ರಾತ್ರಿ ನೀರು. ಓಣಿಯವರೆಲ್ಲಾ ಕೊಡಾ ತಗೊಂಡು ಅಲ್ಲೇ ಬಂದ್ರು, ಯಾರೂ ತಕರಾರು ಮಾಡಲಿಲ್ಲ, ಅಭಿಪ್ರಾಯದ ಮನಿ ಅಂದ ಮ್ಯಾಲ ಅಷ್ಟು ಇರಬೇಕಾದ್ದ.

ಶ್ರಾವಣದಾಗ ಒಂದು ಸೋಮವಾರ ಮರೆವ್ವಗ ಹಲ್ಲಬ್ಯಾನಿ. ಪೂನಮ್ ಕೇಳಿದ್ದಕ್ಕ ಸುಮ್ಮನ ಗದ್ದ ಹಿಡಕೊಂಡು ಕೈ ಬೀಸಿದಳು. ಜನಪ್ರಿಯತೆ ನಲವತ್ತೊಂದಕ್ಕ ಇಳೀತು. 'ಶಾಸಕರ ಜನಪ್ರಿಯತೆ ದಿಢೀರ್ ಕುಸಿತ: ಬಲದವಡೆ ಕಾರಣ' ಅಂತ ಪೇಪರಿನಾಗ ಬಂತು. ಸಂಜೀಕ ಶಾಸಕರು ಬೆಳಗಾವಿಯ ಹಲ್ಲಿನ ಡಾಕ್ಟರನ್ನ, ಅವರ ಖುರ್ಚಿ ಸಮೇತ ಜೀಪಿನಾಗ ಕರಕೊಂಡು ಬಂದ್ರು. ಹಲ್ಲು ಕಿತ್ತು ಬಂತು, ಜನಪ್ರಿಯತೆ ಎಂಬತ್ತೆಂಟು ಆತು. ಜನರ ನೋವಿಗೆ ತಕ್ಷಣ ಸ್ಪಂದಿಸಿದ್ದಕ್ಕಾಗಿ ಪಕ್ಷದ ಹಿರೇರು ಅಭಿನಂದನಾ ಪತ್ರ ಕಳಿಸಿದ್ರು.

ಹಳ್ಳದ ಆಚೆ ಊರವರು ಸೇತುವಿ ಬೇಕು ಅಂತ ಅರ್ಜಿ ಹಾಕಿದ್ರು. 'ಸದರಿ ಸೇತುವೆ ಕುರಿತು ಸಾರ್ವಜನಿಕ ಅಭಿಪ್ರಾಯಕ್ಕೆ ಯಾವುದೇ ಬೇಸರ ಕಂಡುಬಂದಿಲ್ಲ' ಅಂತ ಉತ್ತರ ಬಂತು. ಅವರೇನು ಹುಚ್ಚರಲ್ಲ. ರವಿವಾರ ಟ್ರ್ಯಾಕ್ಟರ್ ತುಂಬ ಬಂದು, ನಾಳೆ ನಮ್ಮ ಸೇತುವಿ ಸಲುವಾಗಿ ಒಂದೀಟು ಸಿಟ್ಟಾಗು ಆಯಿ ಅಂತ ಕೇಳಿಕೊಂಡ್ರು. ಆಕಿ ಆದಳು. ಹದಿನೈದು ದಿನಕ್ಕ ಸೇತುವಿ ಬಂತು. ಆಮ್ಯಾಲ ಸುಟ್ಟ ಕರೆಂಟಿನ ಟಿ.ಸಿ. ಸಲುವಾಗಿ ಸಿಟ್ಟು, ಸಾಲಿಗೆ ಬರದ ಮಾಸ್ತರನ ಸಲುವಾಗಿ ಸಿಟ್ಟು. ಗದ್ದಲ ಹೆಚ್ಚಾಗಿ ಮಹಾಂತಪ್ಪ ಟೋಕನ್ ಪದ್ಧತಿ ತಂದ, ಸೋಮವಾರಕ್ಕ ಒಂದ ಸಿಟ್ಟು. ಮಂದಿಗೆ ಇದು ಪಸಂದ ಬಂತು. ಮೊದಲ ಐದು ವರ್ಷಕ್ಕೊಮ್ಮೆ ಸಿಟ್ಟಾಗಿ ಏನೂ ಆಗತಿರಲಿಲ್ಲ.

ಹಿಂಗ ವರ್ಷ ಕಳೀತು. ಟಿಕೇಟ್ ಪಟ್ಟಿ ಹೊರಗ ಬೀಳೂ ತಿಂಗಳದಾಗ ರಾಮದುರ್ಗದಿಂದ ಫೋನ್ ಬಂತು. ಮರೆವ್ವಗ ಒಬ್ಬಾಕಿ ಮಗಳು, ಸಂಘಮಿತ್ರಾ, ಅಲ್ಲಿ ಹೈಸ್ಕೂಲಿನಾಗ ಟೀಚರ್. ಲಗ್ನ ಆಗಿ ಆರು ವರ್ಷಕ್ಕ ಬಸರಾಗಿದ್ದಳು, ದಿನ ತುಂಬಿದ್ವು. ಮೊದಲನೇದು ತವರಾಗ ಆಗಬೇಕು. ಆದರ ಡಾಕ್ಟರು ಹಾಸಿಗಿ ಬಿಟ್ಟು ಏಳಬ್ಯಾಡ, ಬಸ್ಸಿನ ಮಾತಂತೂ ಬ್ಯಾಡ ಅಂದಿದ್ರು. "ಅವ್ವಾ, ನನಗ ಅಂಜಿಕಿ ಬರಾಕ ಹತ್ತೇತಿ, ನೀ ಬಾ" ಅಂದಳು ಸಂಘಮಿತ್ರಾ.

ಮರೆವ್ವ ಆ ದಿನ ಊಟಾ ಮಾಡಲಿಲ್ಲ. ಊರ ಮಂದಿಗೆಲ್ಲಾ ಬೆನ್ನು ತಿಕ್ಕಿ ಧೈರ್ಯ ಹೇಳಿದ ಕೈ, ತನ್ನ ಕೂಸು ಕರದಾಗ ಇಲ್ಲಿ ಕುಂತು ಏನು ಮಾಡೂದು? ಕೊಬ್ಬರಿ ಹೆರದಳು, ಅಂಟು ಹುರದಳು, ಬಾಣಂತಿಗೆ ಅಂತ ಅಂಟಿನುಂಡಿ ಕಟ್ಟಿ ಡಬ್ಬಿ ತುಂಬಿ ಬಸ್ಸಿಗೆ ಹೊಂಟಳು. ಡಾಂಬರ ರಸ್ತೆ ಮ್ಯಾಲ ಮಹಾಂತಪ್ಪ ಅಡ್ಡ ನಿಂತ.

"ಅವ್ವಾರ, ನೀವು ಹೋಗೂದಕ್ಕ ನಮ್ಮದೇನೂ ಅಡ್ಡಿ ಇಲ್ರಿ. ಅಭಿಪ್ರಾಯ ಹೋಗೂವಂಗಿಲ್ಲ. ರಾಮದುರ್ಗ ಬ್ಯಾರೆ ಕ್ಷೇತ್ರ."

"ಅದನ್ನ ಇಲ್ಲೇ ಗೂಟಕ್ಕ ಕಟ್ಟಿ ಹೋಗ್ಲೇನು ತಮ್ಮಾ?"

ಮಹಾಂತಪ್ಪ ಇದನ್ನ ಬರಕೊಂಡು ಮ್ಯಾಲಿನವರನ್ನ ಕೇಳಿದ. ಕಟ್ಟಾಕ ಬರೂದಿಲ್ಲ ಅಂತ ಉತ್ತರ ಬಂತು. ಹಂಗಾದ್ರ ರಜಾ ಕೊಡ್ರಿ ಅಂತ ಮರೆವ್ವ ಪೂನಮ್‌ನ ಕೈಲೆ ಅರ್ಜಿ ಬರಿಸಿದಳು. ನಾಕು ದಿನಕ್ಕ ಕಾಗದ ಬಂತು: 'ರಜೆ ಮಂಜೂರಾದಲ್ಲಿ ಸದರಿ ಅವಧಿಯಲ್ಲಿ ಎರಡು ಲಕ್ಷ ಹತ್ತು ಸಾವಿರ ಮತದಾರರು ಅಭಿಪ್ರಾಯರಹಿತರಾಗುವ ಸಂಭವವಿರುತ್ತದೆ. ಆದಕಾರಣ ಹೆರಿಗೆಯನ್ನು ಟಿಕೇಟ್ ಪಟ್ಟಿ ಪ್ರಕಟವಾಗುವವರೆಗೆ ಮುಂದೂಡಲು ಸಂಬಂಧಪಟ್ಟವರಿಗೆ ತಿಳಿಹೇಳುವುದು.'

ಪೂನಮ್ ಇದನ್ನ ಓದಿ ಹೇಳಿ ನೆಲಾ ನೋಡಿದಳು. ಮರೆವ್ವ ಕಾಗದ ಇಸಕೊಂಡು ನಾಕು ಮಡಿಕಿ ಮಾಡಿ ಅಂಟಿನುಂಡಿ ಡಬ್ಬಿ ಮುಚ್ಚಳದ ಅಡಿ ತುರಕಿದಳು, ಮುಚ್ಚಳ ಸಡಲಿತ್ತು. ಸೋಮವಾರ ಹನ್ನೊಂದಕ್ಕ ಕೇಳಿದಾಗ ಬೈಯಲಿಲ್ಲ, ಅಳಲಿಲ್ಲ. "ಇವತ್ತ ನನಗ ಅಭಿಪ್ರಾಯ ಇಲ್ಲ ಯವ್ವಾ" ಅಂದಳು.

ಇಂಥಾದ್ದು ಹಿಂದ ಎಲ್ಲೂ ಆಗಿರಲಿಲ್ಲ. ಕೆಟ್ಟ ಅಂದಿದ್ರ ಕೆಟ್ಟ ಅಂತ ಬರೀಬಹುದಿತ್ತು. ಟ್ಯಾಬಿನಾಗ ಅಂಕಿ ಇರೂ ಜಾಗಾದಾಗ ಒಂದು ಗೆರಿ ಬಂತು. ಜನಪ್ರಿಯತೆ ಏರಲಿಲ್ಲ, ಇಳೀಲಿಲ್ಲ, ಇಲ್ಲವಾತು. ಪಕ್ಷದ ಹಿರೇರು ಫೋನ್ ಮಾಡಿ, ನಿಮ್ಮ ಕ್ಷೇತ್ರ ಎಲ್ಲೈತಿ ಅಂತ ಶಾಸಕರನ್ನ ಕೇಳಿದ್ರು. ಪಟ್ಟಿಗೆ ಇನ್ನ ಹನ್ನೊಂದ ದಿನ.

ಶಾಸಕರು ಓಡಿ ಬಂದು ಚಾಪಿ ಹಾಸೂಕಿಂತ ಮೊದಲ ನೆಲದ ಮ್ಯಾಲ ಕುಂತ್ರು. ನನ್ನ ಮುಳುಗಿಸಬ್ಯಾಡ ತಾಯಿ ಅಂತ ಕೈ ಹಿಡಕೊಂಡ್ರು.

ಮರೆವ್ವ ಕೈ ಬಿಡಿಸಿಕೊಳ್ಳಲಿಲ್ಲ. "ಯಪ್ಪಾ, ನಿನಗ ಟಿಕೇಟ್ ಬೇಕು, ನನಗ ಮಗಳು ಬೇಕು. ಎರಡೂ ಒಂದ ಗಾಡ್ಯಾಗ ಹೋಗ್ತಾವೇನು ನೋಡು. ನಾ ಇಲ್ಲಿ ಕುಂತ್ರ ನನ್ನ ಜೀಂವಾ ಅಲ್ಲಿರ್ತೈತಿ. ಜೀಂವಾ ಇಲ್ಲದ್ದನ್ನ ಕೇಳಿ ಏನ ಬರಕೋತೀರಿ?"

ಆಗ ಅಮೋಘಸಿದ್ದಪ್ಪ ಅದ ಸಂಜೀಕ ಪಂಚಾಯ್ತಿಯ ತುರ್ತು ಸಭಾ ಕರದ. ಠರಾವು ಒಮ್ಮತದಿಂದ ಪಾಸಾತು: 'ಸದರಿ ಫಲಕವು ಎಲ್ಲಿ ಇರುವುದೋ ಅಲ್ಲಿಯವರೆಗೆ ಐದನೇ ವಾರ್ಡ್ ವಿಸ್ತರಿಸಲ್ಪಟ್ಟಿದೆ ಎಂದು ತಿಳಿಯತಕ್ಕದ್ದು.' ದವಾಖಾನಿಯಾಗ ಹುಟ್ಟಿದ ಆ ಹನ್ನೆರಡು ಮಂದೀನೂ ಸಹಿ ಮಾಡಿದ್ರು.

ಫಲಕ ಇಳಿಸಿ ಜೀಪಿನ ಹಿಂದ ಕಟ್ಟಿದ್ರು. ಹಿಂಗ ನೆಲ್ಲಿಗುದ್ದಿಯ ಐದನೇ ವಾರ್ಡು ಮರೆವ್ವನ್ನ, ಪೂನಮ್‌ನ, ಮಹಾಂತಪ್ಪನ್ನ, ಅಂಟಿನುಂಡಿ ಡಬ್ಬಿನ್ನ ಕುಂಡ್ರಿಸಿಕೊಂಡು ರಾಮದುರ್ಗ ಮುಟ್ಟಿತು. ಸೋಮವಾರ ನಸಿಕಿನ್ಯಾಗ ಸಂಘಮಿತ್ರಾಗ ಬ್ಯಾನಿ ಎದ್ದಾವು. ಅಳಿಯ ಭೀಮಶಿ ಆಟೋ ತಂದ, ಫಲಕ ಆಟೋಕ್ಕ ಏರಿತು. ದವಾಖಾನಿಯಾಗ ಹೆರಿಗಿ ಕೋಣಿ ತನಕ ಮಹಾಂತಪ್ಪ ಅದನ್ನ ಎದಿಗೆ ಅವಚಿಕೊಂಡು ಹೋದ. ಒಳಗ ಬಿಡೂದಿಲ್ಲ ಅಂತ ಡಾಕ್ಟರಮ್ಮ ಅಂದದ್ದಕ್ಕ ಬಾಗಿಲಿಗೆ ಆನಿಸಿ ಹಿಡಕೊಂಡು ನಿಂತ. ಹೊರಗಿನ ಮಂದಿ ಅದನ್ನ ಓದಿ, ಅಭಿಪ್ರಾಯ ಇಲ್ಲೇ ಕೊಡಬೇಕೇನ್ರಿ ಅಂತ ಪಾಳಿ ಹಚ್ಚಿದ್ರು.

ಒಳಗ ಮರೆವ್ವ ಮಗಳ ತಲಿ ಕಡೆ ನಿಂತಿದ್ದಳು. ಕೆಲಸ ಎಲ್ಲಾ ಡಾಕ್ಟರಮ್ಮಂದ. ನಲವತ್ತೈದು ವರ್ಷದಾಗ ಮೊದಲನೇ ಸಲ ಆಕಿಗೆ ಕೈ ಎಲ್ಲಿಡಬೇಕು ತಿಳೀಲಿಲ್ಲ, ಮಗಳ ಬೆವರು ಒರಸಿದಳು, ಮತ್ತ ಒರಸಿದಳು. ಕೂಸು ಅತ್ತಿತು. ಹೆಣ್ಣು. ಡಾಕ್ಟರಮ್ಮ ಅರಿವಿಯಾಗ ಸುತ್ತಿ ಅಜ್ಜಿ ಕೈಯಾಗ ಇಟ್ಟಳು. ಹೊರಗಿಂದ ಮಹಾಂತಪ್ಪನ ಧ್ವನಿ ಬಂತು.

"ಅವ್ವಾರ, ಹನ್ನೊಂದು ಹೊಡೀತ್ರಿ."

ಮರೆವ್ವ ಕೂಸಿನ ಮಾರಿ ನೋಡಕೋತ, "ಭಾಳ ಛೊಲೋ ಐತಿ. ಇದಕ್ಕಿಂತ ಛೊಲೋದು ನಾ ನೋಡೇ ಇಲ್ಲ" ಅಂದಳು.

ಬಾಗಿಲ ಹೊರಗಿದ್ದ ಪೂನಮ್ ಕಣ್ಣು ಒರಸಿಕೊಂಡು ನೂರಕ್ಕ ನೂರು ಬರದಳು. ಶುಕ್ರವಾರ ಶಾಸಕರಿಗೆ ಟಿಕೇಟ್ ಸಿಕ್ಕಿತು.

ಮುಂದ ಯಾರ್ಯಾರು ಏನೇನಾದ್ರು ಅಂತ ಹೇಳೇ ಬಿಡತೇನಿ. ಶಾಸಕರು ಚುನಾವಣಿಯಾಗ ನಲವತ್ತು ಸಾವಿರ ಮತದಿಂದ ಸೋತ್ರು. ಕಂಪನಿಯವರು ತನಿಖೆ ಮಾಡಿ, ಸಮೀಕ್ಷೆ ಸರಿ ಐತಿ, ಮತದಾನದಾಗ ದೋಷದ ಪ್ರಮಾಣ ಹೆಚ್ಚಾಗೈತಿ ಅಂತ ವರದಿ ಕೊಟ್ರು. ಶಾಸಕರು ಅದನ್ನ ಕಟ್ಟು ಹಾಕಿಸಿ ಗ್ವಾಡಿಗೆ ತೂಗಬಿಟ್ಟಾರ. ಗೆದ್ದಾಂವ ಪ್ರಮಾಣವಚನಕ್ಕಿಂತ ಮೊದಲ ಮರೆವ್ವನ ಮನಿಗೆ ಬಂದು ಹಲ್ಲು ಹೆಂಗದಾವು ಅಂತ ವಿಚಾರಿಸಿದ. ಮಹಾಂತಪ್ಪ ಈಗ ಅವನ ಆಪ್ತ ಸಹಾಯಕ, ಅಂಗಿ ಅದ. ಪೂನಮ್‌ಗ ಬಡ್ತಿ ಸಿಕ್ಕಿತು. ಈಗ ಒಂಬತ್ತು ಕ್ಷೇತ್ರಕ್ಕ ಒಂಬತ್ತು ಮಂದೀನ್ನ ಕೇಳತಾಳ. ಮೂರನೇದಾಂವಗ ಸಕ್ಕರಿ ಬ್ಯಾನಿ, ಅಲ್ಲಿಯ ಶಾಸಕರಿಗೆ ನಿದ್ದಿ ಇಲ್ಲಂತ. ಅಮೋಘಸಿದ್ದಪ್ಪನ ಪಂಚಾಯ್ತಿಗೆ ಅತಿ ದೊಡ್ಡ ವಾರ್ಡಿನ ಪ್ರಶಸ್ತಿ ಬಂತು. ಸಂಘಮಿತ್ರಾನ ಕೂಸಿಗೆ ಹುಟ್ಟಿದ ದಾಖಲಿ ಎರಡು ಊರಿಂದ ಬಂದಾವು. ನೆಲ್ಲಿಗುದ್ದಿಯದ್ರಾಗ ಆಕಿ ಅವ್ವನ ತವರಾಗ ಹುಟ್ಟ್ಯಾಳ ಅಂತೈತಿ. ಭೀಮಶಿ ಅದನ್ನ ಯಾರಿಗೂ ಸುಳ್ಳು ಅನ್ನಾಕ ಬಿಡೂದಿಲ್ಲ.

ಇನ್ನ ಮರೆವ್ವ. ಮತದಾನದ ದಿನ ಆಕಿ ಹೊಸ ಇಳಕಲ್ಲ ಸೀರಿ ಉಟ್ಟು ಮತಗಟ್ಟಿ ಇದ್ದ ಸಾಲಿಗೆ ಹೋಗಿ ಪಾಳಿ ಹಿಡದಳು. ಪಟ್ಟಿಯಾಗ ಹೆಸರಿಲ್ಲ. ಪಟ್ಟಿ ಹಿಡಕೊಂಡು ಕುಂತಾಂವ ಬಲು ಮರ್ಯಾದಿಯಿಂದ, ಎಲ್ಲಾರ ಅಭಿಪ್ರಾಯಾನೂ ನೀವ ಹೇಳಿದ ಮ್ಯಾಲ ನಿಮ್ಮದೊಂದು ಬ್ಯಾರೆ ಯಾಕ್ರಿ ಆಯಿ ಅಂದ. ಹಿಂದಿನವರೂ ಹೌದ್ಹೌದು ಅಂದ್ರು. ಮರೆವ್ವ ಅಲ್ಲೇ ನಿಂತು ವಿಚಾರ ಮಾಡಿದಳು. ಆ ದಿನ ಬುಧವಾರ ಇತ್ತು, ಅಭಿಪ್ರಾಯದ ವಾರ ಸೋಮವಾರ. ಹಂಗಾದ್ರ ಬರೋಬ್ಬರಿ ಐತಿ ಅಂತ ಸೆರಗು ಸರಿ ಮಾಡಿಕೊಂಡು ಮನಿಗೆ ಬಂದಳು.