ಬಾಯ್ಲರಿನ ಮೇಲಿನ ಡಬ್ಬಿ

ಗಿರಣಿಯಲ್ಲಿ ಬಾಯ್ಲರ್ ಫಿಟ್ಟರಾಗಿ ದುಡಿಯುವಾಗ ನನಗೆ ಕೆಲಸದ ಮಧ್ಯೆ ನಗು ಬಂದದ್ದೇ ಇಲ್ಲ. ಭಾನುವಾರ ಬಾಯ್ಲರ್ ಕೂರಿಸಲೆಂದು ಯಾರದಾದರೂ ಮನೆಯ ಬಚ್ಚಲಿಗೆ ಕಾಲಿಟ್ಟರೆ ಮಾತ್ರ ಏನಾದರೊಂದು ಆಗಿಯೇ ತೀರುತ್ತಿತ್ತು. ರಾಜಾಜಿನಗರದ ಒಬ್ಬ ಮೇಷ್ಟ್ರ ಮನೆಯಲ್ಲಂತೂ ಒಂದೇ ಬಾಯ್ಲರಿಗೆ ಮೂರು ಸಲ ಆಯಿತು.

೧. ಎಷ್ಟು ಜನಕ್ಕೆ?

ಮಗಳ ಮದುವೆಯಲ್ಲಿ ಬೀಗರ ಕಡೆಯವರಿಗೆ ಸ್ನಾನಕ್ಕೆ ಬಿಸಿನೀರು ಸಾಲದೆ ಹೋಗಿತ್ತಂತೆ. ಬೀಗಿತ್ತಿ ಅದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಈಗ ಅಳಿಯ ಮೊದಲ ದೀಪಾವಳಿಗೆ ಬರುವವನಿದ್ದ, ಜೊತೆಗೆ ಬೀಗಿತ್ತಿಯೂ. ಹೋದ ಮಾನ ಈ ಹಬ್ಬದಲ್ಲಿ ವಾಪಸು ಬರಲೇಬೇಕೆಂದು ಮೇಷ್ಟ್ರ ಹೆಂಡತಿ ಹಟ ಹಿಡಿದು ತಾಮ್ರದ ಬಾಯ್ಲರ್ ತರಿಸಿದ್ದರು.

“ನೀರು ಕಾದ್ರೆ ಹಿಗ್ಗುತ್ತೆ ತಾಯಿ. ಹಿಗ್ಗಿದ್ದು ಹೋಗೋಕೆ ಮೇಲೊಂದು ಡಬ್ಬಿ ಇಡಬೇಕು. ಎಷ್ಟು ದೊಡ್ಡದು ಅಂತ ನೋಡ್ಬೇಕು,” ಅಂದೆ.

“ಅಳಿಯಂದ್ರು, ಅವರ ತಾಯಿ, ತಮ್ಮ, ನಾವು ಮೂರು ಜನ. ಆರು ಜನಕ್ಕೆ ಆಗೋ ಹಾಗೆ ಮಾಡಪ್ಪ.”

“ಜನ ಎಷ್ಟಿದ್ರೂ ಒಂದೇ ತಾಯಿ. ಬಾಯ್ಲರಲ್ಲಿ ನೀರೆಷ್ಟು ಅನ್ನೋದೇ ಮುಖ್ಯ.”

ಅವರು ನನ್ನನ್ನು ಕನಿಕರದಿಂದ ನೋಡಿದರು. “ನಿನಗಿನ್ನೂ ಮದುವೆ ಆಗಿಲ್ಲ, ಅಲ್ವೇನಪ್ಪ?”

೨. ಉಕ್ಕದ ನೀರು

ಮೇಷ್ಟ್ರು ಕಾಗದದ ಮೇಲೆ ಗುಣಿಸಿ ಭಾಗಿಸಿ, ಬಚ್ಚಲುಮನೆಗಿಂತ ದೊಡ್ಡ ಡಬ್ಬಿ ಬೇಕೆಂದು ಉತ್ತರ ತೆಗೆದರು. ಅದರ ಮೇಲೆ ಅವರಿಗೇ ನಂಬಿಕೆ ಬರಲಿಲ್ಲ. ಕೊನೆಗೆ, ಬಾಯ್ಲರಿನಷ್ಟೇ ನೀರು ಹಿಡಿಯುವ ಹಳೇ ಹಂಡೆಯನ್ನು ಕಂಠಪೂರ್ತಿ ತುಂಬಿ ಕಾಯಿಸಿ, ಚೆಲ್ಲಿದ್ದನ್ನು ಹಿಡಿದು ಅಳೆಯುವುದೆಂದಾಯಿತು.

ಒಲೆ ಹಚ್ಚಿ, ಕಾಫಿ ಕುಡಿದು ಬಂದು ಕೂತೆವು. ಹಂಡೆಯಲ್ಲಿ ಹಬೆಯಾಡಿತು. ಒಂದು ತೊಟ್ಟೂ ಚೆಲ್ಲಲಿಲ್ಲ. ಮೇಷ್ಟ್ರ ಮುಖ ಬಾಡಿಹೋಯಿತು. “ಇಷ್ಟು ವರ್ಷ ಮಕ್ಕಳಿಗೆ ತಪ್ಪು ಪಾಠ ಹೇಳಿದೆನೇನಯ್ಯ?”

ಒಳಗಿನಿಂದ ಹೆಂಡತಿ ಕೂಗಿ ಹೇಳಿದರು. “ನೀವು ಕಾಫಿಗೆ ಬಂದಾಗ ತುಳುಕೋ ಹಾಗಿತ್ತು ರೀ. ಒಲೆ ಆರಿಹೋಗುತ್ತೆ ಅಂತ ನಾಲ್ಕು ಚೊಂಬು ತೆಗೆದು ಪಾತ್ರೆ ತೊಳ್ಕೊಂಡೆ.”

ಮತ್ತೆ ಮೊದಲಿಂದ ಕಾಯಿಸಿದೆವು. ಅರ್ಧ ಬಿಂದಿಗೆಯ ಡಬ್ಬಿ ಸಾಕೆಂದು ಗೊತ್ತಾಗುವವರೆಗೆ ಇಬ್ಬರೂ ಕಾಫಿಯ ಹೆಸರೆತ್ತಲಿಲ್ಲ.

೩. ಹಬ್ಬದ ದಿನ ಖಾಲಿ

ಬಾಯ್ಲರಿನ ಮೇಲೆ ಹಲಗೆ ಹೊಡೆದು ಡಬ್ಬಿ ಕೂರಿಸಿ, ಕೊಳವೆ ಸೇರಿಸಿ, “ಇದು ಖಾಲಿ ಇರಬೇಕು ತಾಯಿ, ಮರೀಬೇಡಿ,” ಎಂದು ಎರಡೆರಡು ಸಲ ಹೇಳಿ ಬಂದೆ. ಆದರೆ ಮಾರನೆಯ ದಿನವೇ ನೀರು ತುಂಬುವ ಹಬ್ಬ.

ಚತುರ್ದಶಿಯ ಬೆಳಗ್ಗೆ ಉರಿ ಹಾಕಲು ನನ್ನನ್ನೇ ಕರೆಸಿದ್ದರು. ಒಲೆಯ ಬಾಯಿ ಹಿತ್ತಲ ಕಡೆಗಿದ್ದದ್ದರಿಂದ ಡಬ್ಬಿ ನನಗೆ ಕಾಣಲಿಲ್ಲ. ಒಳಗೆ ಬಚ್ಚಲಲ್ಲಿ ಅಳಿಯ ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಡಬ್ಬಿಯ ಕೆಳಗೇ ಮಣೆಯ ಮೇಲೆ ಕೂತಿದ್ದ. ಇದ್ದಕ್ಕಿದ್ದಂತೆ ಮೇಲಿನಿಂದ ಬೆಚ್ಚನೆಯ ನೀರು ಸಳಸಳ ಸುರಿಯಿತು.

ಓಡಿಹೋಗಿ ನೋಡಿದೆ. ಹಂಡೆಗೆ ಸುತ್ತುವ ಹಾಗಲಬಳ್ಳಿಯನ್ನು ಡಬ್ಬಿಗೂ ಸುತ್ತಿ, ಅಂಚಿನವರೆಗೆ ನೀರು ತುಂಬಿಸಿದ್ದರು.

“ಹಬ್ಬದ ದಿನ ಯಾರಾದ್ರೂ ಪಾತ್ರೆ ಖಾಲಿ ಇಡ್ತಾರೇನಪ್ಪ?” ಅಂದರು ಮೇಷ್ಟ್ರ ಹೆಂಡತಿ. ಅವರ ಕಣ್ಣಲ್ಲಿ ನೀರಾಡುತ್ತಿತ್ತು.

ಅಷ್ಟರಲ್ಲಿ ಅಳಿಯ ಮುಖ ಒರೆಸಿಕೊಂಡು ಮೇಲೆ ನೋಡಿದ. “ಅತ್ತೆ, ಶವರೂ ಹಾಕ್ಸಿದೀರಾ!”

ಮೇಷ್ಟ್ರು ನಿಜ ಹೇಳಲು ಬಾಯಿ ತೆರೆದರು. ಹೆಂಡತಿ ಅವರ ತೋಳು ಚಿವುಟಿದರು. ಬಾಗಿಲಲ್ಲಿ ನಿಂತಿದ್ದ ಬೀಗಿತ್ತಿ ನನ್ನನ್ನು ಪಕ್ಕಕ್ಕೆ ಕರೆದರು.

“ನಮ್ಮನೆಗೂ ಇಂಥದ್ದೇ ಹಾಕ್ಕೊಡಪ್ಪ. ಡಬ್ಬಿ ಮಾತ್ರ ದೊಡ್ಡದಿರಲಿ. ನಮ್ಮನೇಲಿ ಹನ್ನೊಂದು ಜನ.”

ಮೇಷ್ಟ್ರ ಹೆಂಡತಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. “ನಾನು ಅವತ್ತೇ ಹೇಳಿದ್ನಲ್ಲಪ್ಪ.”